ಸೌಂಡು ತಿನ್ನುವ ಹುಳ

ಅಣ್ಣನ ಎಡಗೈ ಬೆರಳ ತುದಿಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿದ್ದವು. ಗಿಟಾರಿನ ತಂತಿ ಒತ್ತಿ ಒತ್ತಿ ಆದದ್ದು. ಹೆಂಚಿನ ಮೇಲಿನ ರೊಟ್ಟಿಯನ್ನು ಆ ಬೆರಳುಗಳಲ್ಲೇ ಮಗುಚುತ್ತಿದ್ದ. ಆ ಬೆರಳುಗಳು ನುಡಿಸಿದ್ದನ್ನು ನಾನು ಒಂದು ಸಲವೂ ಪಕ್ಕದಲ್ಲಿ ಕೂತು ಕೇಳಲಿಲ್ಲ. ಅವನು ಬಾಯಿಬಿಟ್ಟು ಕರೆದಿದ್ದ, ಆದರೂ ಹೋಗಲಿಲ್ಲ. ಈಗ ಅಣ್ಣ ಇಲ್ಲ. ನಾನು ಓದಿದ್ದು ಏಳನೆಯ ತರಗತಿಯವರೆಗೆ. ತೋಚಿದ ಹಾಗೆ ಬರೆಯುತ್ತಿದ್ದೇನೆ.

ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ಹೊನ್ನೂರಿನ ಗಂಡನ ಮನೆ ಬಿಟ್ಟು ನಾನು ಬ್ಯಾಗು ಹಿಡಿದು ಬಂದ ದಿನ ಅಣ್ಣ ಏನಾಯಿತೆಂದು ಕೇಳಲಿಲ್ಲ. "ಉಂಡ್ಯಾ ಅಮ್ಮಿ?" ಎಂದ, ಅಷ್ಟೆ. ಆಮೇಲೂ ಯಾವತ್ತೂ ಕೇಳಲಿಲ್ಲ. ಅವನು ಕೊಳ್ಳೇಗಾಲ, ಹನೂರು, ಯಳಂದೂರಿನ ಮದುವೆಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ನುಡಿಸುತ್ತಿದ್ದ. ನಾನು ರೇಷ್ಮೆ ಹುಳ ಸಾಕುತ್ತಿದ್ದೆ. ಅವನ ಕೋಣೆಗೂ ಹುಳದ ಮನೆಗೂ ನಡುವೆ ಒಂದೇ ಗೋಡೆ.

ಗಿಟಾರಿನ ದನಿ ಏರಿಸಲು ಅವನ ಬಳಿ ಒಂದು ಹಳೆಯ ವಾಲ್ವ್ ಆಂಪ್ ಇತ್ತು. ಹಿಂದಿನ ಕಾಲದ ರೇಡಿಯೋಗಳಲ್ಲಿ ಇರುತ್ತಿತ್ತಲ್ಲ, ಅಂಥ ಗಾಜಿನ ವಾಲ್ವುಗಳು. ಸ್ವಿಚ್ಚು ಹಾಕಿದರೆ ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗುತ್ತಿದ್ದವು. ಅದನ್ನು ಜೋರಾಗಿ ಇಟ್ಟರೆ ನಮ್ಮ ಅಡುಗೆಮನೆಯ ತಟ್ಟೆಗಳು ಗಲಗುಟ್ಟುತ್ತಿದ್ದವು.

"ಸೌಂಡ್ ಕಮ್ಮಿ ಮಾಡಣ್ಣ" ಎಂದರೆ ಅಣ್ಣ ಪೇಚಾಡುತ್ತಿದ್ದ. "ಕಮ್ಮಿ ಮಾಡುದ್ರೆ ದನಿನೇ ಸತ್ತೋಯ್ತದೆ ಕಣಮ್ಮಿ. ವಾಲ್ವು ಮೈ ಬೆವ್ರು ಸುರ್ಸಿ ದುಡುದ್ರೇನೇ ಆ ದನಿ. ಇಲ್ದಿದ್ರೆ ತಗಡು ಬಡ್ದಂಗೆ."

ಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ. ಆಗ ಹುಳದ ಮನೆಯ ಹತ್ತಿರ ಸದ್ದು ಮಾಡಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಅಣ್ಣನೂ ಅದನ್ನು ಕೇಳಿಯೇ ಬೆಳೆದವನು. "ಉಳ ಜರಕ್ಕೋಗವೆ ಕಣಣ್ಣ" ಎಂದರೆ ಸಾಕು, ಮರುಮಾತಿಲ್ಲದೆ ಸ್ವಿಚ್ಚು ಆರಿಸುತ್ತಿದ್ದ.

ಆ ಮಾತಿಗೆ ಅಷ್ಟು ಬಲ ಇದೆಯೆಂದು ಗೊತ್ತಾದ ಮೇಲೆ ನಾನು ಕೆಟ್ಟೆ. ಹುಳ ಚೆನ್ನಾಗಿ ತಿನ್ನುತ್ತಿದ್ದಾಗಲೂ ಜ್ವರ ಎಂದೆ. ತಲೆ ನೋಯುತ್ತಿದ್ದರೆ ಜ್ವರ ಎಂದೆ. ಸೊಪ್ಪು ಕೊಯ್ದು ಬೆನ್ನು ಬಿದ್ದುಹೋದ ದಿನ, ಇವನು ಆರಾಮಾಗಿ ಕೂತು ಮೀಟುತ್ತಿದ್ದಾನಲ್ಲ ಎಂಬ ಉರಿಗೂ ಜ್ವರ ಎಂದೆ. ಒಮ್ಮೆ ಅಣ್ಣ ಬಾಗಿಲಲ್ಲಿ ನಿಂತು, "ಈ ಸಲದ್ ಉಳಕ್ಕೆ ಎಷ್ಟ್ ಜರ ಬತ್ತದಮ್ಮಿ? ಡಾಕ್ಟ್ರನ್ನೇ ಕರಿಬೇಕೇನೋ" ಎಂದು ನಕ್ಕ. ನಾನೂ ನಕ್ಕೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಸೊಪ್ಪು ತಿನ್ನುವಾಗ ಸೋನೆ ಮಳೆ ಹಿಡಿದ ಹಾಗೆ ಸದ್ದಾಗುತ್ತದೆ. ಗೋಡೆಯಾಚೆಗೂ ಚೆನ್ನಾಗಿ ಕೇಳುತ್ತದೆ. ಅವನ ಕಿವಿ ಎಂಥ ಕಿವಿ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ನನ್ನ ಸುಳ್ಳು ಗೊತ್ತಿದ್ದೂ ಅವನು ನನ್ನನ್ನು ಹಿಡಿಯಲಿಲ್ಲ. ಮೆತ್ತಗೆ ನುಡಿಸುವುದು ಹೇಗೆಂದು ಹುಡುಕತೊಡಗಿದ. ಸ್ಪೀಕರಿನ ಬಾಯನ್ನು ಗೋಡೆಗೆ ತಿರುಗಿಸಿದ. ಅದರ ಮೇಲೆ ದುಪ್ಪಟಿ ಹೊದಿಸಿದ. "ಮೂಗ್ ಮುಚ್ಕೊಂಡ್ ಮಾತಾಡ್ದಂಗದೆ" ಎಂದು ತೆಗೆದ. ದೊಡ್ಡ ಸ್ಪೀಕರ್ ಬಿಟ್ಟು ಚಿಕ್ಕದಕ್ಕೆ ವೈರು ಕೊಟ್ಟ. ಕೊನೆಗೆ ಕೊಳ್ಳೇಗಾಲದ ರೇಡಿಯೋ ರಿಪೇರಿಯವರ ಹತ್ತಿರ ಕೂತು ಒಂದು ತಗಡಿನ ಡಬ್ಬಿ ಮಾಡಿಸಿಕೊಂಡು ಬಂದ. ಆಂಪಿಗೂ ಸ್ಪೀಕರಿಗೂ ನಡುವೆ ಅದನ್ನು ಸೇರಿಸಿದರೆ ವಾಲ್ವು ಪೂರ್ತಿ ದುಡಿಯುತ್ತದೆ, ಆದರೆ ಆ ಶಕ್ತಿಯಲ್ಲಿ ಹೆಚ್ಚಿನದು ಡಬ್ಬಿಯೊಳಗೇ ಕಾವಾಗಿ ಹೋಗುತ್ತದೆ. ಚೂರು ಮಾತ್ರ ಸ್ಪೀಕರಿಗೆ. ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು.

"ಇದು ಸೌಂಡ್ ತಿನ್ನೋ ಉಳ ಕಣಮ್ಮಿ" ಎಂದು ತೋರಿಸಿದ. "ನಿನ್ ಉಳದಂಗಲ್ಲ. ಇದಕ್ ಜರ ಬರಲ್ಲ."

ಡಬ್ಬಿ ಬಂದರೂ ಮುಗಿಯಲಿಲ್ಲ. ಸದ್ದು ಇಳಿದಾಗ ಕಿವಿಗೆ ಬೇಸು, ಅಂದರೆ ದಪ್ಪ ದನಿ, ಮೊದಲು ಕಾಣೆಯಾಗುತ್ತದಂತೆ. ಅದನ್ನು ಒಂದಿಷ್ಟು ಏರಿಸಿ, ಇನ್ನೊಂದನ್ನು ಇಳಿಸಿ, ದಿನವೂ ಅದೇ ಕೆಲಸ. ಒಂದು ಮಧ್ಯಾಹ್ನ ನಾನು ಸೊಪ್ಪು ಹೆಚ್ಚುತ್ತಿದ್ದಾಗ ಮಗುವಿನ ಹಾಗೆ ಓಡಿ ಬಂದ. "ಬಾರಮ್ಮಿ, ಸಿಕ್ತು! ಪಕ್ಕದಲ್ ಉಳ ಸೊಪ್ ತಿನ್ನೋದು ಕೇಳ್ತದೆ, ಅಷ್ಟ್ ಮೆತ್ಗೆ. ಆದ್ರೂ ದನಿ ಸತ್ತಿಲ್ಲ. ಒಂದೇ ಒಂದ್ ಸಾಂಗು ಕೇಳ್ ಬಾ."

"ಕೈ ಬಿಡುವಿಲ್ಲ ಕಣಣ್ಣ. ಆಮ್ಯಾಕೆ ಬತ್ತೀನಿ."

ಹೋಗಲಿಲ್ಲ. ಅವನು ಮತ್ತೂ ಕರೆದ. ಆಮೇಲೆ ಕರೆಯುವುದನ್ನು ಬಿಟ್ಟ. ಗೋಡೆಯಾಚೆ ನುಡಿಸುತ್ತಿದ್ದಿರಬೇಕು. ಹುಳ ತಿನ್ನುವ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ.

ಹನೂರಿನ ಮದುವೆಯೊಂದರಿಂದ ಬಂದ ಬೆಳಿಗ್ಗೆ ಅಣ್ಣನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಎಡಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಮಂಚದಲ್ಲಿ ಮಲಗಿ ಬಲಗೈಯಿಂದ ಆಂಪಿನ ಕಡೆ ತೋರಿಸುತ್ತಿದ್ದ. ನಾನು ಧೂಳು ಒರೆಸಿದೆ. ಅದಲ್ಲವೆಂದು ತಲೆಯಾಡಿಸಿದ. ಬಟ್ಟೆ ಮುಚ್ಚಿದೆ. ಮತ್ತೆ ತಲೆಯಾಡಿಸಿದ. ಅವನಿಗೆ ಬೇಕಾದದ್ದೇನೆಂದು ತಿಳಿಯಲು ನನಗೆ ಎಷ್ಟೋ ದಿನ ಬೇಕಾಯಿತು.

ಸ್ಪೀಕರಿನ ವೈರು ಇದೆಯೇ ನೋಡಿ, ಸ್ವಿಚ್ಚು ಹಾಕಿ, ವಾಲ್ವು ಕೆಂಪಾಗುವವರೆಗೆ ಕಾದೆ. ಅವನು ಹಾಗೆ ಮಾಡುವುದನ್ನು ನೋಡಿದ್ದೆ. ಗುಂಡಿಗಳನ್ನು ಮುಟ್ಟಲಿಲ್ಲ. ಅವನು ಬಿಟ್ಟಿದ್ದ ಕಡೆಯೇ ಇದ್ದವು. ದಿಂಬು ಒತ್ತಾಗಿಟ್ಟು ಅವನನ್ನು ಕೂರಿಸಿ ಗಿಟಾರನ್ನು ತೊಡೆಯ ಮೇಲಿಟ್ಟೆ. ಬಲಗೈ ಬೆರಳಿಂದ ಒಂದು ತಂತಿ ಮೀಟಿದ.

ಎಷ್ಟು ಮೆತ್ತಗಿತ್ತು. ಯಾರೋ ಪಕ್ಕದಲ್ಲೇ ಕೂತು, ಬಾಯಿ ತೆರೆಯದೆ, ಗಂಟಲಿನೊಳಗೇ ಹಾಡಿದ ಹಾಗೆ. ಅದು ಕರಗುವವರೆಗೂ ಗೋಡೆಯಾಚೆ ಹುಳ ತಿನ್ನುವುದು ಕೇಳುತ್ತಲೇ ಇತ್ತು. ಹಾಡು ನುಡಿಸಲು ಎಡಗೈ ಬೇಕಲ್ಲ. ಅವನು ಕಣ್ಣಲ್ಲೇ ತೋರಿಸಿದ ಕಡೆ ನಾನು ಬೆರಳಿಟ್ಟು ಒತ್ತಿದೆ. ತಂತಿ ಬೆರಳನ್ನು ಕೊಯ್ದಿತು. ಸ್ವರ ಬರಲಿಲ್ಲ, ಬರೀ ಗರಗರ. ಅಣ್ಣ ಸೊಟ್ಟಬಾಯಲ್ಲಿ ನಕ್ಕ. ಮತ್ತೆ ಒತ್ತದೆ ಬಿಟ್ಟ ತಂತಿಯನ್ನೇ ಮೀಟಿದ.

ಆ ನಗೆ ನೋಡಿ ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಉಳ ಅಷ್ಟೊಂದ್ ಸಲ ಜರಕ್ಕೋಗಿರ್ನಿಲ್ಲ ಕಣಣ್ಣ. ನಾನೇ ಸುಳ್ಳೇಳ್ದೆ. ತಪ್ಪಾಯ್ತು ಕಣಣ್ಣ. ಸೌಂಡ್ ಜಾಸ್ತಿ ಮಾಡ್ಲಾ?"