ಪಕ್ಕಕ್ಕೆ ದಾಟಿದ ತಟ್ಟೆ

ಜಯಮಿತ್ರನ ಅಜ್ಜ ಜ್ಞಾನಪ್ಪ ದೊಡ್ಡ ಜ್ವರದ ವರ್ಷ ಬೆಟಗೇರಿಯಲ್ಲಿ ಯಾರೂ ಮುಟ್ಟದ ಹೆಣಗಳನ್ನು ಹೊತ್ತು ಮಣ್ಣು ಮಾಡಿದವನು. ಅಪ್ಪ ಪ್ರಸನ್ನಪ್ಪ ಜಗಳಾಡಿದವರ ಹೊಸ್ತಿಲಿಗೆ ತಾನೇ ನಡೆದು ಹೋಗಿ ಕೈ ಕೂಡಿಸಿದವನು. ಅಂಥವರ ಕುಡಿ ಜಯಮಿತ್ರ, ದೆಹಲಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದ.

ಮಯೂರ್ ವಿಹಾರದ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿಯ ಚೂರನ್ನೂ ದ್ರಾಕ್ಷಿರಸವನ್ನೂ ಹಂಚಿಕೊಳ್ಳುವ ವಿಧಿ. ಅದಕ್ಕೆ ಒಣದ್ರಾಕ್ಷಿ ಕುದಿಸಿ ರಸ ಹಿಂಡುವವನು ಅವನೇ. ಆದರೆ ಹನ್ನೊಂದು ವರ್ಷದಿಂದ ಅದು ಅವನ ತುಟಿಗೆ ತಾಗಿಲ್ಲ. "ಅಡುಗೆಯವನಿಗೇ ಉಪವಾಸ" ಎಂದು ಹೆಂಗಸರು ಚುಚ್ಚುತ್ತಿದ್ದರು.

ತಾಯಿಯನ್ನು ಇಲ್ಲೇ ಮಣ್ಣು ಮಾಡುವುದೋ ಬೆಟಗೇರಿಗೆ ಒಯ್ಯುವುದೋ ಎಂಬ ಜಗಳದಲ್ಲಿ ಅವನೂ ಅಣ್ಣ ಶಾಂತಪ್ಪನೂ ಮಾತು ಬಿಟ್ಟರು. ಮನಸ್ತಾಪ ಇಟ್ಟುಕೊಂಡವನು ರೊಟ್ಟಿ ಮುಟ್ಟಬಾರದು ಎಂಬುದು ನಮ್ಮ ಕಟ್ಟು. ಇಬ್ಬರೂ ಸಭೆಯ ಒಂದೇ ಕೋಣೆಯಲ್ಲಿ ಕೂತು, ಅವನೇ ಮೊದಲು ಬರಲಿ ಎಂದು ಕಾಯುತ್ತ, ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದರು. ಹುಣಸೆ ಮುಪ್ಪಾಯಿತು, ಹುಳಿ ಮುಪ್ಪಾಗಲಿಲ್ಲ.

ಈ ಜನವರಿಯ ಚಳಿಯಲ್ಲಿ ಶಾಂತಪ್ಪ ತೀರಿಕೊಂಡ.

ಮುಂದಿನ ಭೋಜನದ ದಿನ ಪಾದ್ರಿಗಳು ತಟ್ಟೆ ಹಿಡಿದು ಜಯಮಿತ್ರನ ಎದುರೇ ಮೊಣಕಾಲೂರಿದರು. ಅವರಿಗೆ ಮೂವತ್ತರ ಪ್ರಾಯ.

"ಕಾಕಾ, ಅಣ್ಣನವರು ಹೋಗಿಬಿಟ್ಟರು. ದೇವರು ಕ್ಷಮಿಸಿದ್ದಾನೆ. ತಗೊಳ್ಳಿ."

ಜಯಮಿತ್ರ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ.

"ದೇವರ ಸಂಗಡ ನನಗೆ ಜಗಳವೇ ಇರಲಿಲ್ಲ, ಅಯ್ಯನವರೇ. ನಾನು ಕೈ ಹಿಡಿಯಬೇಕಾದವನು ಮಣ್ಣಿನಡಿ ಮಲಗಿದ್ದಾನೆ. ರಸ ಬೇಕಾದರೆ ಸಾಯುವ ತನಕ ಹಿಂಡಿಕೊಡುತ್ತೇನೆ. ಇದನ್ನು ಮಾತ್ರ ಪಕ್ಕದವರಿಗೆ ಕೊಡಿ."