ಮೊದಲು ಸುದ್ದಿ ಕೇಳಿದವರು

"ಹನ್ನೆರಡು ವರ್ಷ ಆತು, ಕ್ರಿಸ್‌ಮಸ್‌ಗೆ ಕರ್ಚಿಕಾಯಿ ಕೊಟ್ಟು ಹೋಗ್ತೀರಿ. ಈ ಹಬ್ಬ ಯಾಕ ಮಾಡ್ತೀರಂತ ಒಂದ್ ಸಲನಾರ ಹೇಳೀರೇನ್ರೀ ಟೀಚರ್?"

ಮಾನ್ವಿಯಲ್ಲಿ ನಮ್ಮ ಪಕ್ಕದ ಮನೆಯ ಮಲ್ಲಮ್ಮನವರು ಈ ಸಲ ತಟ್ಟೆಯ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡರು. ಯಾರಾದರೂ ತಪ್ಪು ತಿಳಿದಾರೆಂಬ ಅಂಜಿಕೆಯಿಂದ, ಮನೆಯಾಚೆ ಯೇಸುವಿನ ಹೆಸರನ್ನೇ ಎತ್ತದವಳು ನಾನು. ಅಂದು ಅವರ ಕಟ್ಟೆಯ ಮೇಲೆ ಕುಳಿತು ಹೇಳಿದೆ: ಯೇಸು ಹುಟ್ಟಿದ್ದು, ಆ ಕೂಸನ್ನು ದನದ ಗೋದಲಿಯಲ್ಲಿ ಮಲಗಿಸಿದ್ದು, ದೇವದೂತ ಬಂದು ಆ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕುರಿ ಕಾಯುವವರಿಗೆ ತಿಳಿಸಿದ್ದು.

ಮಲ್ಲಮ್ಮನವರದು ಕುರಿಗಾರರ ಮನೆತನ. ಅವರ ಮುಖ ಅರಳಿತು.

"ಮೊದಲ ನಮ್ಮಂಥೋರಿಗೇ ಹೇಳ್ಯಾರ! ಮತ್ತ ನೀವ್ಯಾಕ ಇಷ್ಟು ತಡಾ ಮಾಡಿದ್ರಿ?"

ನಾನು ನಕ್ಕುಬಿಟ್ಟೆ. ಹನ್ನೆರಡು ವರ್ಷ ಕರ್ಚಿಕಾಯಿ ಹಂಚಿದ್ದೆ. ಹಬ್ಬ ಹಂಚಿದ್ದು ಅಂದೇ.