ಐದನೇ ಕಣ್ಣು

ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ಬಸ್ಸಿನಲ್ಲಿ ನಿಫಾಡ್ ಬರುವಷ್ಟರಲ್ಲಿ ಎರಡು ಸಲ ಸೀಟು ಬದಲಿಸಿರುತ್ತೇನೆ. ಅಂಥವಳು ಹನ್ನೆರಡು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿ, ಮೂವತ್ತೆಂಟರ ವಯಸ್ಸಿನಲ್ಲಿ, ಸಂಭಾಜಿನಗರದ ಸಸ್ಯಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿಕೊಂಡೆ. ದ್ರಾಕ್ಷಿಬಳ್ಳಿ ಎಷ್ಟು ಫಲ ಕೊಡುತ್ತದೆಂದು ಮುಂಚಿತವಾಗಿ ಹೇಳುವ ಸೂತ್ರ ಕಟ್ಟುವುದು ನನ್ನ ವಿಷಯ. ಅಂಕಿಗಳನ್ನು ಯಾರಾದರೂ ಕೊಡುತ್ತಾರೆ, ನಾನು ಕಂಪ್ಯೂಟರಿನ ಮುಂದೆ ಕೂತು ಸೂತ್ರ ಕಟ್ಟಿದರಾಯಿತು ಎಂದುಕೊಂಡಿದ್ದೆ.

ನನ್ನ ಗೈಡ್ ನಿವೃತ್ತಿಗೆ ಹತ್ತಿರವಾಗಿದ್ದ, ಮಾತು ಕಡಿಮೆಯ ಹೆಂಗಸು. ಮೊದಲ ದಿನವೇ ನನ್ನ ಮುಂದೆ ಒಂದು ಬ್ಲೇಡು, ಒಂದು ದ್ರಾಕ್ಷಿಕಡ್ಡಿ ಇಟ್ಟು, "ಮೊದಲು ಕಣ್ಣು ಕೊಯ್ಯುವುದು ಕಲಿಯಿರಿ" ಎಂದರು.

ಕಣ್ಣೆಂದರೆ ಕಡ್ಡಿಯ ಗೆಣ್ಣಿನಲ್ಲಿ ಕೂತಿರುವ ಮೊಗ್ಗು. ಮುಂದೆ ಬರಲಿರುವ ಗೊಂಚಲು ಅದರೊಳಗೆ ಆಗಲೇ ರೂಪುಗೊಂಡಿರುತ್ತದೆ, ಸಾಸಿವೆಗಿಂತ ಚಿಕ್ಕದಾಗಿ. ಎಲ್ಲ ಕಣ್ಣಲ್ಲೂ ಇರುವುದಿಲ್ಲ. ಹಾಗಾಗಿ ಅಕ್ಟೋಬರಿನ ಚಾಟಣಿಗೆ, ಅಂದರೆ ಕಡ್ಡಿ ಸವರುವ ಕೆಲಸಕ್ಕೆ, ಮುಂಚೆ ರೈತರು ತಮ್ಮ ತೋಟದ ಕಡ್ಡಿಗಳನ್ನು ತಂದು ಕೊಡುತ್ತಾರೆ. ನಾವು ಕಣ್ಣುಗಳನ್ನು ಒಂದೊಂದಾಗಿ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿ, ಗೊಂಚಲು ಎಷ್ಟನೇ ಕಣ್ಣಿನಲ್ಲಿದೆ ಎಂದು ಬರೆದುಕೊಡಬೇಕು. ಅವರು ಅದರ ತುಸು ಮೇಲಕ್ಕೆ ಕಡ್ಡಿ ಕತ್ತರಿಸಿ, ಆ ಕಣ್ಣಿಗೆ ಮಾತ್ರ ಅದನ್ನು ಎಬ್ಬಿಸುವ ಔಷಧ ಹಚ್ಚುತ್ತಾರೆ. ತಪ್ಪು ಕಣ್ಣು ಎದ್ದರೆ ಆ ವರ್ಷ ತೋಟದ ತುಂಬ ಬರೀ ಎಲೆ.

ಮೊದಲ ತಿಂಗಳು ನಾನು ಮೊಗ್ಗಿಗಿಂತ ಹೆಚ್ಚು ಕೊಯ್ದದ್ದು ನನ್ನ ಹೆಬ್ಬೆರಳನ್ನೇ. ಪಕ್ಕದ ಮೇಜಿನಲ್ಲಿ ಇಪ್ಪತ್ಮೂರರ ಹುಡುಗಿಯರು ಹಾಡು ಗುನುಗುತ್ತ ಕೊಯ್ಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಬೀದರಿನಿಂದ ನೌಕರಿಗೆಂದು ನಾಸಿಕಕ್ಕೆ ಬಂದು ನೆಲೆಸಿದ ನನ್ನಪ್ಪನ ಮನೆಯಲ್ಲಿ "ಗೊತ್ತಿಲ್ಲ" ಎಂಬುದು ಬೈಗುಳಕ್ಕೆ ಸಮ. ಪ್ರಶ್ನೆ ಕೇಳಿದಾಗ ಏನಾದರೊಂದು ಉತ್ತರ ಕೊಡಲೇಬೇಕು. ನಾನೂ ತರಗತಿಯಲ್ಲಿ ಹಾಗೇ ಬದುಕಿಕೊಂಡು ಬಂದವಳು.

ಎರಡನೇ ವರ್ಷ ನಿಫಾಡ್ ಕಡೆಯ ಒಬ್ಬ ರೈತರ ಕಡ್ಡಿಗಳನ್ನು ಗೈಡ್ ನನ್ನೊಬ್ಬಳಿಗೇ ಒಪ್ಪಿಸಿದರು. ಇಪ್ಪತ್ತು ಕಡ್ಡಿ. ತೊಡಕಿದ್ದದ್ದು ಒಂದೇ: ಆಸರೆಗೆ ಸುತ್ತಿಕೊಳ್ಳುವ ತಂತು ಮತ್ತು ಗೊಂಚಲು ಎಳೆಯವಾಗಿದ್ದಾಗ ಒಂದೇ ಥರ ಕಾಣುತ್ತವೆ. ಐದನೆಯ ಕಣ್ಣಿನಲ್ಲಿ, ಆರನೆಯದರಲ್ಲಿ ಏನೋ ಇತ್ತು. ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಸಂಶಯವಿದ್ದರೆ ಸಂಶಯವೆಂದೇ ಬರೆಯಬೇಕು ಎಂಬುದು ಗೈಡ್ ಅವರ ಕಟ್ಟಪ್ಪಣೆ. ಆದರೆ ನನ್ನ ಮೊದಲ ವರದಿಯ ಉದ್ದಕ್ಕೂ ಸಂಶಯ, ಸಂಶಯ ಎಂದು ಬರೆಯಲು ನಾಚಿಕೆಯಾಯಿತು. "ಗೊಂಚಲು: ಐದನೇ ಕಣ್ಣು" ಎಂದು ಅಂದವಾದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಗೈಡ್ ಅದನ್ನು ನಂಬಿ ಕಳಿಸಿದರು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಸ್ಟೆಲಿನ ಅಂಗಳದಲ್ಲಿ ಸುತ್ತು ಹಾಕಿದೆ. ಎಸೆದಿದ್ದ ಮೊಗ್ಗಿನ ಚೂರುಗಳನ್ನು ಕಸದಬುಟ್ಟಿಯಿಂದ ಹೆಕ್ಕಿ ಮತ್ತೆ ನೋಡಿದೆ. ಅವು ಒಣಗಿ ಹೋಗಿದ್ದವು. ಶುಕ್ರವಾರ ಚಾಟಣಿ ಶುರುವೆಂದು ರೈತರು ಫೋನ್ ಮಾಡಿದಾಗ "ಒಳ್ಳೇದಾಗಲಿ" ಎಂದವಳು, ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ನಿಫಾಡಿನಲ್ಲಿ ಇಳಿದೆ.

ತೋಟದಲ್ಲಿ ಆಗಲೇ ನಾಲ್ಕು ಸಾಲು ಕತ್ತರಿಸಿ ಆಗಿತ್ತು. ಔಷಧ ಮಧ್ಯಾಹ್ನದ ಮೇಲೆ ಹಚ್ಚುವುದಿತ್ತು. ಕೂಲಿಯವರ ಮುಂದಾಳು ಕಲಬುರಗಿ ಕಡೆಯ ಹೆಂಗಸು. ಕಟ್ಟಡದ ಕೆಲಸಕ್ಕೆಂದು ಬಂದು, ಆಮೇಲೆ ದ್ರಾಕ್ಷಿಗೆ ತಿರುಗಿಕೊಂಡವರು. ಅವರು ಎಣಿಸುವುದನ್ನು ನೋಡುತ್ತ ನಿಂತೆ. ಕಡ್ಡಿಯ ಬುಡಕ್ಕೆ ಅಂಟಿಕೊಂಡ ಪುಟ್ಟ ಕಣ್ಣನ್ನು ಬಿಟ್ಟು, ಅದರ ಮೇಲಿನದರಿಂದ "ಒಂದ್, ಎರಡ್" ಎಂದು ಬೆರಳಾಡಿಸಿ, ಐದನೆಯದರ ತುಸು ಮೇಲಕ್ಕೆ ಕತ್ತರಿ ಆಡಿಸುತ್ತಿದ್ದರು.

"ಬುಡದ ಕಣ್ಣು ಯಾಕೆ ಎಣಿಸಲಿಲ್ಲ?"

"ಅದೇನ್ ಕಣ್ಣೇನ್ರಿ ಮೇಡಮ್? ಬರೇ ಹೆಸರಿಗಷ್ಟ. ನಾವ್ಯಾರೂ ಅದನ್ನ ಲೆಕ್ಕಕ್ಕ ಹಿಡಿಯೂದಿಲ್ರಿ."

"ಲ್ಯಾಬಿನಲ್ಲಿ ನಾವು ಅದನ್ನೇ ಒಂದು ಅಂತೀವಿ."

ಆಕೆ ಕತ್ತರಿ ಕೆಳಗಿಳಿಸಿ ನನ್ನನ್ನು ದಿಟ್ಟಿಸಿದರು. "ಮತ್ತ ಕೇಳಬೇಕಿತ್ತಲ್ರಿ ಮೊದಲ. ಫೋನ್ ಇತ್ತಲ್ಲ?"

ಎರಡು ವರ್ಷ ಓದಿದವಳಿಗೆ, ಗಣಿತದವಳಿಗೆ, ಇವರು ಎಲ್ಲಿಂದ ಎಣಿಸುತ್ತಾರೆಂದು ಕೇಳಬೇಕೆಂದೇ ಹೊಳೆದಿರಲಿಲ್ಲ. ಅವರ ಐದು ನನ್ನ ಆರು.

ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ನಿರಾಳವೇ ಆಯಿತು. ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತ್ತು. "ನಿಮ್ಮ ಕೂಲಿಯವರು ತಪ್ಪೆಣಿಸಿದ್ದಾರೆ, ಔಷಧ ಒಂದು ಕಣ್ಣು ಕೆಳಗೆ ಹಚ್ಚಿಸಿ" ಎಂದು ರೈತರಿಗೆ ಹೇಳಿದರೆ ಮುಗಿಯಿತು. ಸಕಾಲಕ್ಕೆ ಬಂದು ತೋಟ ಉಳಿಸಿದ ಮೇಡಮ್ ಎಂಬ ಹೆಸರೂ ಬರುತ್ತಿತ್ತು. ರೈತರು ಬದುವಿನ ಮೇಲೆ ಬರುತ್ತಿದ್ದರು. ಹಿಂದೆ ಅವರ ಹೆಂಡತಿ ಚಹಾದ ಕೆಟಲಿ ಹಿಡಿದಿದ್ದರು. ಆ ತೋಟ ಬಿಟ್ಟರೆ ಅವರಿಗೆ ಬೇರೇನೂ ಇಲ್ಲವೆಂದು ನನಗೆ ಗೊತ್ತಿತ್ತು.

"ಐದೋ ಆರೋ, ನನಗೆ ಗೊತ್ತಿಲ್ಲ" ಎಂದೆ ಮರಾಠಿಯಲ್ಲಿ. "ಬರೆಯುವಾಗಲೂ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ಬರೆದೆ."

ಅವರ ಮುಖ ಕೆಂಪಾಯಿತು. "ಹಾಗಾದರೆ ಸಂಭಾಜಿನಗರದಲ್ಲಿ ಕೂತು ಏನು ಓದುತ್ತೀರಿ?" ಎಂದು ಎಲ್ಲರೆದುರೇ ಗದರಿದರು. ನಾನು ಇಂಗು ತಿಂದ ಮಂಗನಂತೆ ನಿಂತಿದ್ದೆ.

ಕಲಬುರಗಿಯ ಹೆಂಗಸೇ ನಡುವೆ ಬಂದು ಅವರಿಗೆ ಮರಾಠಿಯಲ್ಲಿ ಹೇಳಿದರು: ಕತ್ತರಿಸಿದ್ದು ಮೇಲೆಯೇ, ಎರಡೂ ಕಣ್ಣು ಇನ್ನೂ ಕಡ್ಡಿಯಲ್ಲಿವೆ, ಎರಡಕ್ಕೂ ಹಚ್ಚೋಣ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಹಚ್ಚಾಕ ಬರ್ರಿ, ಬಂದೀರಿ ಹ್ಯಾಂಗೂ" ಎಂದರು. ಸಂಜೆಯವರೆಗೆ ಕೈಗವಸು ತೊಟ್ಟು, ಬಟ್ಟೆ ಸುತ್ತಿದ ಕಡ್ಡಿಯಿಂದ ಕಣ್ಣಿಗೆ ಔಷಧ ಮುಟ್ಟಿಸುವುದನ್ನು ಆಕೆಯಿಂದ ಕಲಿತೆ. ಹೆಚ್ಚು ಹಚ್ಚಿದಾಗೆಲ್ಲ ಬೈಸಿಕೊಂಡೆ.

ಗೈಡಿಗೂ ಹೇಳಿದೆ. ಅವರು ಬೈಯಲಿಲ್ಲ. ವರದಿಯ ಪ್ರತಿ ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿ ಇದ್ದುದನ್ನು ಬೆರಳಿಟ್ಟು ತೋರಿಸಿದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೂರು ವಾರದ ಮೇಲೆ ತೋಟಕ್ಕೆ ಹೋದೆ. ನಾನು ಬರೆದುಕೊಟ್ಟಿದ್ದ ಕಣ್ಣಿನ ಚಿಗುರುಗಳಲ್ಲಿ ಹೆಚ್ಚಿನವು ಬರೀ ತಂತು, ಗಾಳಿಯಲ್ಲಿ ಆಸರೆ ಹುಡುಕುತ್ತಿದ್ದವು. ಅದರ ಮೇಲಿನದರಲ್ಲಿ, ಕೂಲಿಯವರು ಐದೆಂದು ಎಣಿಸಿದ್ದ ಕಣ್ಣಿನಲ್ಲಿ, ಸಾಲಿಗೆ ಸಾಲು ಹಸಿರು ಗೊಂಚಲು. ಎಣಿಕೆಯನ್ನಷ್ಟೇ ತಿದ್ದಿ ಬಾಯಿ ಮುಚ್ಚಿಕೊಂಡಿದ್ದರೆ ಆ ತೋಟವನ್ನು ನಾನೇ ಹಾಳುಗೆಡವುತ್ತಿದ್ದೆ. ಬದುವಿನ ಮೇಲೆ ಕೂತುಬಿಟ್ಟೆ.

ಮುಂದಿನ ಅಕ್ಟೋಬರಿನಲ್ಲಿ ಅದೇ ರೈತರು ಕಡ್ಡಿಯ ಕಟ್ಟು ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಇನ್ನು ಇತ್ತ ಸುಳಿಯಲಾರರು ಎಂದುಕೊಂಡಿದ್ದೆ. ಅವರು ಹುಡುಗಿಯರ ಮೇಜುಗಳನ್ನು ದಾಟಿ ನೇರ ನನ್ನ ಬಳಿ ಬಂದು ಕಟ್ಟು ಇಳಿಸಿದರು.

"ಬುಡದ್ದು ಬಿಟ್ಟು ಎಣಿಸಿ" ಎಂದರು. "ಆಮೇಲೆ ನಿಮಗೆ ಯಾವ ಯಾವ ಕಣ್ಣು ಗೊತ್ತಾಗಲಿಲ್ಲ, ಅದನ್ನು ಮೊದಲು ಬರೆದುಕೊಡಿ."